ಕಪ್ಪೆ ಕಚ್ಚಿದ ದೊಡ್ಡ ಬಾಸ್ ಕೈತಪ್ಪದಿರಲು: ನೆಪಿಯನ್‌ನಿಂದ ಯಾರಾವರೆಗೆ 14 ಸೂತ್ರಗಳು

ಸಿಡ್ನಿಯ ಪಶ್ಚಿಮಕ್ಕೆ, ನೀಲಿ ಬೆಟ್ಟಗಳಿಂದ ಇಳಿದು ಬರುವ ಗ್ರೋಸ್ ಹೊಳೆ ನೆಪಿಯನ್ ನದಿಯನ್ನು ಕೂಡುವ ಜಾಗ ಯಾರಮಂಡಿ. ಅಲ್ಲಿಂದ ಮುಂದೆ ನದಿಗೆ ಹಾಕ್ಸ್‌ಬರಿ ಎಂದು ಹೆಸರು. ಇಲ್ಲಿನ ಮೂಲನಿವಾಸಿಗಳಾದ ದಾರುಗ್ ಜನರಿಗೆ ಇಡೀ ನದಿಯೇ ಡ್ಯಾರಬಿನ್. ಒಂದು ಡಿಸೆಂಬರ್ ಸಂಜೆ, ಬಿಸಿಲು ಬೆಟ್ಟದ ಹಿಂದೆ ಸರಿದು ಜೀರುಂಡೆಗಳ ಕೂಗು ತಗ್ಗುತ್ತಿದ್ದ ಹೊತ್ತಿನಲ್ಲಿ, ಸರ್ವೆ ಮರದ ಬೇರಿನ ಬಳಿ ತೇಲುತ್ತಿದ್ದ ನನ್ನ ರಬ್ಬರ್ ಕಪ್ಪೆಯ ಕೆಳಗಿನ ನೀರು ಸಿಡಿಯಿತು. ತೆಂಗಿನಕಾಯಿ ಬಾವಿಗೆ ಬಿದ್ದಂಥ ಸದ್ದು. ನಾನು ರಾಡನ್ನು ತಲೆಯ ಮೇಲಕ್ಕೆ ಎಳೆದೆ. ಕಪ್ಪೆ ಗಾಳಿಯಲ್ಲಿ ಹಾರಿ ನನ್ನ ಹಿಂದಿನ ಹುಲ್ಲಿಗೆ ಬಿತ್ತು. ನೀರಿನ ಮೇಲೆ ಉಳಿದ ಸುಳಿ ಮೊರದಷ್ಟು ಅಗಲವಿತ್ತು.

ಪಕ್ಕದಲ್ಲಿದ್ದ ಭಾವ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ಕೈಗೆ ಭಾರ ಬಂದಿತ್ತಾ?"

ಬಂದಿರಲಿಲ್ಲ. ನಾನು ಕಣ್ಣಿಗೆ ಕಂಡದ್ದಕ್ಕೆ ಎಳೆದಿದ್ದೆ. ಆ ಒಂದು ಪ್ರಶ್ನೆಯ ಸುತ್ತ ಮುಂದಿನ ಹಲವು ಬೇಸಿಗೆಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಸಂಜೆ ಹೊಳೆಯ ದಡ ಹುಡುಕಿ ಹೊರಡುವ ನಮ್ಮವರು ಈಗ ಬಹಳ ಮಂದಿ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಲಿ.

1. ಮೊದಲು ಮೀನಿನ ಬಾಯಿ ನೋಡಿ, ಆಮೇಲೆ ಕಪ್ಪೆ ಕೊಳ್ಳಿ.

ಅಂಗಡಿಯಲ್ಲಿ ಸಿಗುವ ಪೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆಗಳಲ್ಲಿ ಹೆಚ್ಚಿನವು ಅಮೆರಿಕದ ಲಾರ್ಜ್‌ಮೌತ್ ಬಾಸ್‌ಗಾಗಿ ಹುಟ್ಟಿದವು. ಆ ಮೀನಿನ ಬಾಯಿ ಬಕೆಟ್ಟಿನಂತೆ. ಕಪ್ಪೆಯನ್ನು ನೀರಿನ ಸಮೇತ ಒಳಗೆ ಹೀರುತ್ತದೆ. ಆ ಮೀನು ಆಸ್ಟ್ರೇಲಿಯಾದಲ್ಲಿ ಇಲ್ಲ. ಇಲ್ಲಿನ ಆಸ್ಟ್ರೇಲಿಯನ್ ಬಾಸ್ ಹೆಸರಿನಲ್ಲಷ್ಟೇ ಅದರ ನೆಂಟ. ವಿಕ್ಟೋರಿಯಾದ ವಿಲ್ಸನ್ಸ್ ಪ್ರೊಮೊಂಟರಿಯಿಂದ ಕ್ವೀನ್ಸ್‌ಲ್ಯಾಂಡಿನ ದಕ್ಷಿಣ ಭಾಗದವರೆಗೆ, ಪೂರ್ವ ಕರಾವಳಿಗೆ ಹರಿಯುವ ನದಿಗಳೇ ಅದರ ತವರು. ಬಾಯಿ ಅಷ್ಟು ದೊಡ್ಡದಲ್ಲ. ನಿಮ್ಮ ಅಂಗೈ ತುಂಬುವ ಕಪ್ಪೆ ಕಟ್ಟಿದರೆ ಅದು ಹೊಡೆಯುತ್ತದೆ, ಬಾಯಿಗೆ ಹಿಡಿಸದೆ ಬಿಡುತ್ತದೆ. 4ರಿಂದ 5 ಸೆಂಟಿಮೀಟರ್ ಉದ್ದದ ಕಪ್ಪೆ ಸಾಕು. ಗಾತ್ರ ಇಳಿಸಿದ ದಿನದಿಂದಲೇ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ.

2. ಕಪ್ಪೆಯನ್ನು ಹಾಗೆಯೇ ಕಟ್ಟಬೇಡಿ, ತಿದ್ದಿ ಕಟ್ಟಿ.

ಈ ಕಪ್ಪೆಯ ಬೆನ್ನಿಗೆ ಅಂಟಿಕೊಂಡಂತೆ ಜೋಡಿ ಗಾಳ ಇರುತ್ತದೆ, ಮೊನೆ ಮೇಲ್ಮುಖ. ಮೀನು ಕಚ್ಚಿದಾಗ ಹೊಟ್ಟೆ ಅಮುಕಿ ಮೊನೆ ಹೊರಬರಬೇಕು. ಹೊಸ ಕಪ್ಪೆಯ ರಬ್ಬರ್ ಗಟ್ಟಿ ಇದ್ದರೆ ಅದು ಅಮುಕುವುದೇ ಇಲ್ಲ. ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಬೆರಳಲ್ಲಿ ಹಿಸುಕಿ ಹಿಸುಕಿ ಮೆತ್ತಗೆ ಮಾಡಿ. ಎರಡೂ ಗಾಳಗಳನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ಹೊರಕ್ಕೆ ಬಾಗಿಸಿ. ಹಿಂದಿನ ರಬ್ಬರ್ ಎಳೆಗಳನ್ನು, ಅಂದರೆ ಕಪ್ಪೆಯ ಕಾಲುಗಳನ್ನು, ಅರ್ಧಕ್ಕೆ ಕತ್ತರಿಸಿ. ಉದ್ದ ಕಾಲಿದ್ದರೆ ಬಾಸ್ ಕಾಲನ್ನಷ್ಟೇ ಹಿಡಿದೆಳೆದು ಹೋಗುತ್ತದೆ. ಹತ್ತು ಸಲ ಎಸೆದ ಮೇಲೆ ಹೊಟ್ಟೆಯೊಳಗೆ ಸೇರಿದ ನೀರನ್ನು ಹಿಂಡಿ ತೆಗೆಯಿರಿ. ನೀರು ತುಂಬಿದ ಕಪ್ಪೆ ಬಾಲ ತಗ್ಗಿಸಿ ಕೂರುತ್ತದೆ, ಅಮುಕುವುದೂ ಇಲ್ಲ.

ಜೀವಂತ ಕಪ್ಪೆಯ ಯೋಚನೆಯೇ ಬೇಡ. ನಮ್ಮೂರಲ್ಲಿ ಚಿಕ್ಕಪ್ಪ ಗದ್ದೆಯಂಚಿನ ಕಪ್ಪೆ ಹಿಡಿದು ಗಾಳಕ್ಕೆ ಸಿಕ್ಕಿಸಿ, ಕೆರೆಯ ಜೊಂಡಿನ ಪಕ್ಕ ಕೊರವ ಮೀನು ಹಿಡಿಯುತ್ತಿದ್ದರು. ಆ ನೆನಪನ್ನು ನೆನಪಾಗಿಯೇ ಇಟ್ಟುಕೊಳ್ಳಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಜೀವಂತ ಕಪ್ಪೆಯನ್ನು ಗಾಳಕ್ಕೆ ಹಾಕುವುದು ಕಾನೂನಿಗೆ ವಿರುದ್ಧ. ಹಾಗಿರಬೇಕಾದದ್ದೇ ಸರಿ ಎಂದು ನನ್ನ ಮನಸ್ಸು ಒಪ್ಪಿದೆ. ಇಲ್ಲಿನ ಗ್ರೀನ್ ಅಂಡ್ ಗೋಲ್ಡನ್ ಬೆಲ್ ಕಪ್ಪೆ ಅಳಿವಿನ ಅಂಚಿನಲ್ಲಿದೆ. ಹೋಮ್‌ಬುಷ್‌ನ ಹಳೆಯ ಇಟ್ಟಿಗೆ ಮಣ್ಣಿನ ಗುಂಡಿಯಲ್ಲಿ ಅವು ಕಂಡವೆಂದು, 2000ದ ಸಿಡ್ನಿ ಒಲಿಂಪಿಕ್ಸಿಗೆ ಅಲ್ಲಿ ಕಟ್ಟಬೇಕೆಂದಿದ್ದ ಟೆನಿಸ್ ಅಂಗಣವನ್ನೇ ಬೇರೆ ಕಡೆಗೆ ಸರಿಸಿದರು. ಕಪ್ಪೆಗೆ ಒಲಿಂಪಿಕ್ಸ್ ದಾರಿ ಬಿಟ್ಟ ಊರು ಇದು.

3. ಗಾಳದ ಮೊನೆಯನ್ನು ಉಗುರಿನ ಮೇಲೆ ಇಟ್ಟು ನೋಡಿ.

ಹೆಬ್ಬೆರಳಿನ ಉಗುರಿನ ಮೇಲೆ ಮೊನೆಯನ್ನು ಮೆಲ್ಲಗೆ ಎಳೆಯಿರಿ. ಜಾರಿದರೆ ಮೊಂಡು, ಕಚ್ಚಿ ನಿಂತರೆ ಹರಿತ. ಮೊಂಡಾಗಿದ್ದರೆ ಸಣ್ಣ ಅರದಲ್ಲಿ ಉಜ್ಜಿ. ಒಮ್ಮೆ ಕಲ್ಲಿಗೆ ಬಡಿದ ಗಾಳವನ್ನು ಮತ್ತೆ ನೋಡದೆ ಎಸೆಯಬೇಡಿ.

4. ಹಿಮ್ಮುಳ್ಳನ್ನು ಒತ್ತಿಬಿಡಿ.

ಗಾಳದ ಮೊನೆಯ ಹಿಂದೆ ತಿರುಗಿರುವ ಆ ಚಿಕ್ಕ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. "ಹಾಗೆ ಮಾಡಿದರೆ ಸಿಕ್ಕಿದ ಮೀನೂ ಹೋಗುತ್ತದಲ್ಲ" ಎಂದು ಎಲ್ಲರೂ ಕೇಳುತ್ತಾರೆ. ದಾರ ಬಿಗಿಯಾಗಿದ್ದರೆ ಹೋಗುವುದಿಲ್ಲ, ಸಡಿಲವಾದರೆ ಹೋಗುತ್ತದೆ. ಆದರೆ ಇದನ್ನು ಹೇಳುವುದಕ್ಕೆ ಬೇರೆಯೇ ಕಾರಣವಿದೆ. ದೊಡ್ಡ ಮೀನು ದಾರ ಹರಿದುಕೊಂಡು ಹೋದಾಗ ನಮಗೆ ಹೋಗುವುದು ಒಂದು ಲ್ಯೂರ್ (ಈ ಕಪ್ಪೆಯಂಥ ಹುಸಿ ಎರೆ), ಒಂದು ರಾತ್ರಿಯ ನಿದ್ದೆ. ಮೀನಿಗೆ ಉಳಿಯುವುದು ದವಡೆಗೆ ಹೊಲಿದಂತಿರುವ ಉಕ್ಕು. ಹಿಮ್ಮುಳ್ಳಿಲ್ಲದ ಗಾಳವನ್ನು ಅದು ತಲೆ ಕೊಡವಿ ಕೊಡವಿ ಉದುರಿಸಿಕೊಳ್ಳಬಲ್ಲದು. ಮೀನು ತಪ್ಪಿಸಿಕೊಳ್ಳುವುದು ಎಷ್ಟೇ ಎಚ್ಚರವಿದ್ದರೂ ಆಗುವ ಮಾತು. ತಪ್ಪಿಸಿಕೊಂಡ ಮೀನು ಬದುಕುವ ಹಾಗೆ ನೋಡಿಕೊಳ್ಳುವುದು ನಮ್ಮ ಕೈಲಿದೆ.

5. ಮೇಲ್ಮೈ ಲ್ಯೂರಿಗೆ ಮುಳುಗುವ ದಾರ ಕಟ್ಟಬೇಡಿ.

ರೀಲಿನಲ್ಲಿ ಹೆಣೆದ ದಾರ ಇರಲಿ; ಅದು ಹಿಗ್ಗುವುದಿಲ್ಲ, ದೂರದ ಮೀನಿಗೂ ನಿಮ್ಮ ಎಳೆತ ತಕ್ಷಣ ತಲುಪುತ್ತದೆ. ಅದರ ತುದಿಗೆ ಒಂದು ಮಾರುದ್ದ ಲೀಡರ್ ಕಟ್ಟುತ್ತೇವಲ್ಲ, ಅದು ಸಾದಾ ನೈಲಾನ್ ದಾರವಾಗಿರಲಿ. ಫ್ಲೋರೊಕಾರ್ಬನ್ ನೀರಲ್ಲಿ ಮುಳುಗುತ್ತದೆ, ಕಪ್ಪೆಯ ಮೂಗನ್ನು ಕೆಳಕ್ಕೆ ಎಳೆಯುತ್ತದೆ, ನಡಿಗೆ ಕೆಡುತ್ತದೆ. ನೆಪಿಯನ್ ಬಾಸ್‌ಗೆ 12ರಿಂದ 16 ಪೌಂಡಿನ ಲೀಡರ್ ಸಾಕು. ಒತ್ತಾದ ಕಳೆಯಲ್ಲಿ 20 ಪೌಂಡು. ಗಂಟು ಬಿಗಿಯುವ ಮೊದಲು ಉಗುಳಿನಲ್ಲಿ ಒದ್ದೆ ಮಾಡಿ. ಪ್ರತಿ ಮೀನಿನ ನಂತರ ಕೊನೆಯ ಒಂದು ಗೇಣು ದಾರವನ್ನು ಎರಡು ಬೆರಳ ನಡುವೆ ಎಳೆದು ನೋಡಿ. ಒರಟು ತಗುಲಿದರೆ ಕತ್ತರಿಸಿ ಹೊಸದಾಗಿ ಕಟ್ಟಿ. ಸಂಜೆ ಬೆಳಕು ಕಡಿಮೆಯಾಗುವಾಗ ಈ ಎರಡು ನಿಮಿಷಕ್ಕೆ ಸೋಮಾರಿತನ ಬರುತ್ತದೆ. ನನ್ನ ಎರಡನೆಯ ದೊಡ್ಡ ಮೀನು ಹೋದದ್ದು ಅಂಥ ಸೋಮಾರಿತನದಲ್ಲಿ.

6. ಡ್ರ್ಯಾಗನ್ನು ಕೈಯಂದಾಜಿನಲ್ಲಿ ಬಿಡಬೇಡಿ, ತೂಗಿ.

ರೀಲಿನ ಬ್ರೇಕಿಗೆ ಡ್ರ್ಯಾಗ್ ಅನ್ನುತ್ತಾರೆ. ಸೂಟ್‌ಕೇಸ್ ತೂಗುವ ಕೈತಕ್ಕಡಿಗೆ ದಾರ ಕಟ್ಟಿ ಎಳೆಯಿರಿ. 15 ಪೌಂಡಿನ ದಾರ ಸುಮಾರು 7 ಕಿಲೋ ತಡೆಯುತ್ತದೆ. ಅದರ ಮೂರನೇ ಒಂದು ಭಾಗ, ಅಂದರೆ ಎರಡು ಕಿಲೋ ಚಿಲ್ಲರೆ ಎಳೆತಕ್ಕೆ ರೀಲು ದಾರ ಬಿಡಲು ಶುರುಮಾಡಬೇಕು. ಊರಿಗೆ ಹೋಗುವಾಗ ಬ್ಯಾಗು ತೂಗುವ ತಕ್ಕಡಿ ನಮ್ಮೆಲ್ಲರ ಮನೆಯಲ್ಲೂ ಇದೆ, ಹೊಸದಾಗಿ ಕೊಳ್ಳಬೇಕಿಲ್ಲ.

7. ಜೀರುಂಡೆ ಕೂಗುವ ಕಾಲ, ಸರ್ವೆ ಮರದ ನೆರಳು.

ನವೆಂಬರಿನಿಂದ ಮಾರ್ಚ್‌ವರೆಗೆ, ಸೂರ್ಯ ಮುಳುಗುವ ಮುಂಚಿನ ಅರ್ಧ ಗಂಟೆ ಮತ್ತು ಮುಳುಗಿದ ಮೇಲಿನ ಒಂದು ಗಂಟೆ. ಅದು ಬಾಸ್ ಮೇಲೆ ನೋಡುವ ಹೊತ್ತು. ಸಿಡ್ನಿಯ ಜೀರುಂಡೆಗಳಿಗೆ ಇಲ್ಲಿನ ಮಕ್ಕಳು ಇಟ್ಟ ಹೆಸರುಗಳೇ ಚೆಂದ: ಗ್ರೀನ್‌ಗ್ರೋಸರ್, ಬ್ಲ್ಯಾಕ್ ಪ್ರಿನ್ಸ್. ಮರದಿಂದ ಜಾರಿ ನೀರಿಗೆ ಬಿದ್ದ ಜೀರುಂಡೆಯೆಂದರೆ ಬಾಸ್‌ಗೆ ಹಬ್ಬದೂಟ. ನದಿಯಂಚಿನಲ್ಲಿ ಸಾಲಾಗಿ ನಿಂತ ಶೀ-ಓಕ್ ಮರಗಳು ನಮ್ಮ ಕಾರವಾರದ ಕಡಲ ದಂಡೆಯ ಗಾಳಿಮರದ, ಅಂದರೆ ಸರ್ವೆಯ ವಂಶದವೇ. ಅವುಗಳ ಬೇರು ನೀರೊಳಗೆ ಜಡೆಯಂತೆ ಇಳಿದಿರುತ್ತದೆ. ಆ ಜಡೆಯ ಒಂದು ಅಡಿ ಹತ್ತಿರಕ್ಕೆ ಕಪ್ಪೆ ಬೀಳಬೇಕು. ಮೂರಡಿ ದೂರ ಬಿದ್ದರೆ ಚಿಕ್ಕ ಮೀನು ಬರುತ್ತದೆ, ದೊಡ್ಡದು ನೆರಳು ಬಿಟ್ಟು ಕದಲುವುದಿಲ್ಲ.

ಪೆನ್ರಿತ್‌ನ ನದಿತೀರ, ಯಾರಮಂಡಿ, ಕಯಾಕ್ ಇದ್ದವರಿಗೆ ಕೋಲೋ ಹೊಳೆ, ಇಷ್ಟು ಗೊತ್ತಿದ್ದರೆ ಸಿಡ್ನಿಯವರಿಗೆ ಒಂದು ಬೇಸಿಗೆ ಸಾಲದು. ವಾರಗಂಬಾ ಅಣೆಕಟ್ಟಿನ ಹಿನ್ನೀರಿಗೆ ಮಾತ್ರ ಹೋಗಬೇಡಿ. ಅದು ಊರಿನ ಕುಡಿಯುವ ನೀರು, ಅಲ್ಲಿ ಮೀನು ಹಿಡಿಯಲು ಬಿಡುವುದಿಲ್ಲ.

8. ಎಸೆಯುವ ಮೊದಲೇ ಮೀನನ್ನು ಎಲ್ಲಿಂದ ಮೇಲೆತ್ತುತ್ತೀರಿ ನೋಡಿಕೊಳ್ಳಿ.

ಬಿದ್ದ ಮರದ ಆಚೆ ಬದಿಗೆ ಎಸೆಯುವುದು ಸುಲಭ. ಅಲ್ಲಿ ಮೀನು ಕಚ್ಚಿದ ಮೇಲೆ ಕೊಂಬೆಯ ಮೇಲಿಂದ ದಾಟಿಸುವುದು ಹೇಗೆ? ನಿಲ್ಲುವ ಜಾಗವನ್ನು ನಾಲ್ಕು ಹೆಜ್ಜೆ ಬದಲಿಸಿ, ಮರದ ಉದ್ದಕ್ಕೆ ಸಮನಾಗಿ ಎಸೆಯಿರಿ. ಗಾಳಿ ಅಡ್ಡ ಬೀಸುತ್ತಿದ್ದರೆ ದಾರ ಬಿಲ್ಲಿನಂತೆ ಬಾಗುತ್ತದೆ, ಎಳೆದಾಗ ಮೊದಲು ಆ ಬಾಗು ನೆಟ್ಟಗಾಗುತ್ತದೆ, ಅಷ್ಟರಲ್ಲಿ ಮೀನು ಕಪ್ಪೆಯನ್ನು ಉಗಿದಿರುತ್ತದೆ. ಗಾಳಿಯನ್ನು ಬೆನ್ನಿಗೋ ಎದೆಗೋ ಮಾಡಿಕೊಂಡು ನಿಲ್ಲಿ. ಕತ್ತಲಾಗುವ ಮೊದಲು ಒಮ್ಮೆ ಹಿಂದೆ ತಿರುಗಿ ದಡವನ್ನೂ ನೋಡಿ. ಕೆಂಪು ಹೊಟ್ಟೆಯ ಕರಿಹಾವು ನೀರಿನ ಹತ್ತಿರವೇ ಕಪ್ಪೆ ಹುಡುಕುತ್ತಿರುತ್ತದೆ. ತಲೆಗೆ ಟಾರ್ಚು, ಕಾಲಿಗೆ ಬೂಟು, ಕಯಾಕಿನಲ್ಲಿದ್ದರೆ ಲೈಫ್ ಜಾಕೆಟ್ಟು.

9. ಬಿದ್ದ ಕಪ್ಪೆ ಸುಮ್ಮನಿರಲಿ.

ಅಲೆಯ ಉಂಗುರಗಳು ಪೂರ್ತಿ ಅಳಿಯುವವರೆಗೆ ಕದಲಿಸಬೇಡಿ. ಆಮೇಲೆ ಎರಡು ಸಣ್ಣ ಮಿಡಿತ, ಮತ್ತೆ ನಿಲ್ಲಿಸಿ. ನಿಂತ ಕಪ್ಪೆಗೇ ಹೆಚ್ಚು ಹೊಡೆತ ಬೀಳುತ್ತದೆ.

10. ಕೈಗೆ ಭಾರ ಬಂದ ಮೇಲೆ ಎಳೆಯಿರಿ.

ಉಳಿದ ಹದಿಮೂರು ಸೂತ್ರ ಮರೆತರೂ ಇದೊಂದನ್ನು ಮರೆಯಬೇಡಿ.

ನೀರು ಸಿಡಿದಾಗ ಕಣ್ಣು ಕೈಗೆ ಹೇಳುತ್ತದೆ, ಎಳೆ ಎಂದು. ಆದರೆ ಆ ಸಿಡಿತ ಮೀನು ಕಪ್ಪೆಯನ್ನು ನುಂಗಿದ ಸದ್ದೆಂದು ತಿಳಿಯಬೇಡಿ. ಎಷ್ಟೋ ಸಲ ಬಾಸ್ ಮೊದಲು ಬಾಲದಲ್ಲೋ ಮುಚ್ಚಿದ ಬಾಯಲ್ಲೋ ಗುದ್ದುತ್ತದೆ, ಸುತ್ತಿ ಬಂದು ಕಚ್ಚುತ್ತದೆ. ಕಚ್ಚಿದರೂ ತಿರುಗಿ ಕೆಳಗಿಳಿಯುವಾಗಲೇ ಗಾಳ ಬಾಯಿಯ ಮೂಲೆಗೆ ಬರುವುದು. ನೀವು ಸಿಡಿತಕ್ಕೇ ಎಳೆದರೆ ತೆರೆದ ಬಾಯಿಯಿಂದ ಕಪ್ಪೆಯನ್ನು ನೀವೇ ಕಿತ್ತುಕೊಂಡಂತೆ.

ಮಾಡಬೇಕಾದದ್ದು ಹೀಗೆ. ಕಪ್ಪೆ ನಡೆಸುವಾಗ ರಾಡಿನ ತುದಿ ನೀರಿನ ಕಡೆಗೆ ತಗ್ಗಿರಲಿ, ಕಪ್ಪೆಯ ದಿಕ್ಕಿಗೇ ಇರಲಿ. ಕಪ್ಪೆಯನ್ನು ಮಿಡಿಸಲು ಸ್ವಲ್ಪ ಸಡಿಲ ದಾರ ಬೇಕೇ ಬೇಕು. ಆ ಸಡಿಲದಲ್ಲೇ ಮೀನು ಹೋಗುವುದು. ಸಿಡಿತ ಕೇಳಿದ ಕೂಡಲೇ ರಾಡನ್ನು ಎತ್ತದೆ ರೀಲನ್ನು ಎರಡು ಸುತ್ತು ತಿರುಗಿಸಿ. ಸಡಿಲ ಹೋಗಿ ದಾರ ನೆಟ್ಟಗಾಗುತ್ತದೆ. ಆಗ ಒದ್ದೆ ಗೋಣಿಚೀಲ ಎಳೆದಂಥ ಒಂದು ಭಾರ ಅಂಗೈಗೆ ಬರುತ್ತದೆ. ಬಂತೇ? ಈಗ ರಾಡನ್ನು ಪಕ್ಕಕ್ಕೆ, ಸೊಂಟದ ಮಟ್ಟದಲ್ಲಿ, ಒಂದೇ ಬಿರುಸಿನಲ್ಲಿ ಬೀಸಿ. ಮೇಲಕ್ಕೆ ಬೇಡ. ಮೇಲಕ್ಕೆ ಎಳೆದು ತಪ್ಪಿದರೆ ಕಪ್ಪೆ ನಿಮ್ಮ ಮುಖಕ್ಕೇ ಬರುತ್ತದೆ. ಪಕ್ಕಕ್ಕೆ ಎಳೆದು ತಪ್ಪಿದರೆ ನೀರಿನಲ್ಲೇ ಎರಡಡಿ ಸರಿದು ನಿಲ್ಲುತ್ತದೆ, ಮೀನು ಮತ್ತೆ ಬರುತ್ತದೆ.

ಭಾರ ಬರಲಿಲ್ಲವೇ? ಏನೂ ಆಗಿಲ್ಲವೆಂಬಂತೆ ಕಪ್ಪೆಯನ್ನು ನಡೆಸುತ್ತಲೇ ಇರಿ.

ಇದನ್ನು ಓದಿ ಕಲಿಯಲು ಆಗುವುದಿಲ್ಲ, ಕೈಗೆ ರೂಢಿ ಆಗಬೇಕು. ಭಾವ ನನಗೆ ಕಲಿಸಿದ್ದು ಹೀಗೆ: ಬೇಸಿಗೆಯ ಒಂದು ಸಂಜೆ ಪೂರ್ತಿ, ನಾನು ಎಸೆದ ಮೇಲೆ ಕಣ್ಣು ಮುಚ್ಚಿಕೊಳ್ಳಬೇಕು. ಸದ್ದು ಕೇಳಬಹುದು, ನೋಡುವಂತಿಲ್ಲ. ಮೊದಲ ಎರಡು ಹೊಡೆತಕ್ಕೆ ಹಳೆಯ ಅಭ್ಯಾಸದಂತೆ ಕಿತ್ತೆ. ಮೂರನೆಯದಕ್ಕೆ ಕಾದೆ. ಮೊಣಕೈವರೆಗೆ ಬಂದ ಆ ಭಾರ ಈಗಲೂ ನೆನಪಿದೆ. ಸಣ್ಣ ಮೀನು, 28 ಸೆಂಟಿಮೀಟರ್. ಆದರೆ ಅವತ್ತೇ ಕೈ ಕಲಿತದ್ದು.

ಒಂದು ಮಾತು ಸೇರಿಸಬೇಕು. ಪೊಳ್ಳು ಕಪ್ಪೆಗೆ ಬಿರುಸಾದ ಎಳೆತ ಬೇಕು, ಏಕೆಂದರೆ ದಪ್ಪ ಗಾಳ ರಬ್ಬರ್ ದಾಟಿ ಹೋಗಬೇಕು. ಮುಮ್ಮೊನೆ ಗಾಳ ನೇತಾಡುವ ಜಿಟರ್‌ಬಗ್‌ನಂಥ ಲ್ಯೂರ್ ಕಟ್ಟಿದ್ದರೆ ಬೀಸುವುದೇ ಬೇಡ, ಬಿಡದೆ ಸುತ್ತುತ್ತಾ ರಾಡಿಗೆ ಭಾರ ತುಂಬಲು ಬಿಡಿ, ಮೀನು ತಾನೇ ಚುಚ್ಚಿಕೊಳ್ಳುತ್ತದೆ. ಎರಡನ್ನೂ ಒಂದೇ ರೀತಿ ಎಳೆಯುವುದರಿಂದಲೇ ಬಹಳ ಮೀನು ಹೋಗುತ್ತದೆ.

11. ಮೊದಲ ಮೂರು ಸೆಕೆಂಡು ನಿಮ್ಮದಾಗಲಿ.

ಆಸ್ಟ್ರೇಲಿಯನ್ ಬಾಸ್ ಹೆಚ್ಚು ಹಾರಾಡುವ ಮೀನಲ್ಲ. ಅದು ಸೀದಾ ಮನೆಗೆ ಓಡುತ್ತದೆ, ಅಂದರೆ ಬೇರಿನ ಜಡೆಯೊಳಕ್ಕೆ. ಅಲ್ಲಿ ಒಂದು ಸುತ್ತು ಹಾಕಿದರೆ ಮುಗಿಯಿತು. ಗಾಳ ನೆಟ್ಟ ಕೂಡಲೇ ರಾಡನ್ನು ಬೇರಿನ ವಿರುದ್ಧ ದಿಕ್ಕಿಗೆ ತಗ್ಗಿಸಿ, ನಿಲ್ಲಿಸದೆ ಸುತ್ತಿ, ಎರಡು ಹೆಜ್ಜೆ ಹಿಂದೆ ಸರಿಯಿರಿ. ಮೀನಿನ ತಲೆ ತಿರುಗಿದರೆ ಮೈ ಹಿಂದೆ ಬರುತ್ತದೆ. ಹೊರಬಯಲು ನೀರಿಗೆ ಬಂದ ಮೇಲೆ ಡ್ರ್ಯಾಗ್ ತನ್ನ ಕೆಲಸ ಮಾಡಲಿ.

ಕಳೆಯೊಳಗೆ ಹೊಕ್ಕರೆ? ನೆಪಿಯನ್‌ನಲ್ಲಿ ದಟ್ಟ ಜಲಕಳೆ ಬಹಳ. ಆಗ ಜಗ್ಗಾಡಬೇಡಿ. ದಾರ ಬಿಗಿ ಹಿಡಿದು ಸುಮ್ಮನೆ ನಿಲ್ಲಿ, ಮೀನೇ ಒದ್ದಾಡಿ ಕಳೆ ಕತ್ತರಿಸಿಕೊಂಡು ಬರುತ್ತದೆ. ಬಾರದಿದ್ದರೆ ಕಯಾಕಿನಲ್ಲಿ ಅದರ ನೆತ್ತಿಗೆ ಹೋಗಿ ನೇರ ಮೇಲಕ್ಕೆತ್ತಿ.

12. ಮೆಲ್ಬರ್ನಿನವರೇ, ನಿಮ್ಮ ಕಪ್ಪೆಯನ್ನು ದೊಡ್ಡದು ಮಾಡಿ, ಉಸಿರನ್ನು ಉದ್ದ ಮಾಡಿ.

ಮೆಲ್ಬರ್ನಿಗೆ ಹೋದ ಮೇಲೆ ನಾನು ಹೊಸದಾಗಿ ಕಲಿಯಬೇಕಾಯಿತು. ಬಾಸ್ ಬೇಕೇ ಬೇಕೆಂದರೆ ಗಿಪ್ಸ್‌ಲ್ಯಾಂಡಿನ ಬ್ಲೂ ರಾಕ್ ಸರೋವರ ಇದೆ, ಅಲ್ಲಿ ಮರಿ ತಂದು ಬಿಡುತ್ತಾರೆ. ಆದರೆ ಮೆಲ್ಬರ್ನಿನ ರಾತ್ರಿಗಳು ಮರ್ರೆ ಕಾಡ್ ಎಂಬ ಮೀನಿಗೆ ಸೇರಿದವು. ನಮ್ಮ ಶಾಲೆಯ ಭೂಗೋಳದಲ್ಲಿ ಓದಿದ ಮರ್ರೆ-ಡಾರ್ಲಿಂಗ್ ನದಿಗಳ ದೊರೆ ಅದು. 1902ರಲ್ಲಿ ವಾಲ್ಗೆಟ್ ಬಳಿ ಸಿಕ್ಕಿದ್ದು 113 ಕಿಲೋ ದಾಟಿತ್ತು. ಕಾವೇರಿ ಸೀಮೆಯಲ್ಲಿ ಇದಕ್ಕೆ ಜೊತೆ ಹೇಳುವುದಾದರೆ ಬಿಳಿಮೀನು, ಅಂದರೆ ಮಹಸೀರ್. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು ತೂಗಿತ್ತು. ಆ ಕಾವೇರಿ ಮಹಸೀರ್ ಇವತ್ತು ಅಳಿವಿನ ತುತ್ತತುದಿಯಲ್ಲಿದೆ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮರ್ರೆ ನದಿಯ ಕೆಳದಂಡೆಯ ಙರಿಂಜರಿ ಜನರ ಪುರಾಣದಲ್ಲಿ ಙುರುಂಡೆರಿ ಎಂಬ ಮೂಲಪುರುಷ ಪೊಂಡೆ ಎಂಬ ದೈತ್ಯ ಕಾಡ್ ಮೀನನ್ನು ಅಟ್ಟಿಸಿಕೊಂಡು ಬರುತ್ತಾನೆ. ಮೀನು ತಪ್ಪಿಸಿಕೊಂಡು ಬಾಲ ಬೀಸಿದಲ್ಲೆಲ್ಲ ನದಿಗೆ ತಿರುವು ಹುಟ್ಟುತ್ತದೆ. ಒಂದು ನಾಡಿನ ನದಿಯೇ ಕೈತಪ್ಪಿದ ಮೀನಿನ ದಾರಿ. ಈ ಕಥೆ ಕೇಳಿದ ದಿನ ಯಾರಮಂಡಿಯ ನನ್ನ ಮೀನಿನ ಸುಳಿ ಕಣ್ಣಮುಂದೆ ಬಂತು.

ದೂರ ಹೋಗಬೇಕಿಲ್ಲ. ಮೆಲ್ಬರ್ನಿನ ಮಧ್ಯೆ ಹರಿಯುವ ಯಾರಾದಲ್ಲೇ, ವಾರಂಡೈಟ್ ಬಳಿ, ಮರ್ರೆ ಕಾಡ್ ಇದೆ. ಅದು ಅಲ್ಲಿನ ಮೂಲ ಮೀನಲ್ಲ. 'ದಿ ಆರ್ಗಸ್' ಪತ್ರಿಕೆಯ ಎಡ್ವರ್ಡ್ ವಿಲ್ಸನ್ 1857ರಲ್ಲಿ ಬೆಟ್ಟದಾಚೆಯ ಕಿಂಗ್ ಪ್ಯಾರಟ್ ಹೊಳೆಯಿಂದ ತಂದು ಯಾರಾ ಕಣಿವೆಗೆ ಬಿಟ್ಟದ್ದು. ಕಾರಿನಲ್ಲಿ ಒಂದೂವರೆ ತಾಸು ಹೋಗುವಿರಾದರೆ ನಗಾಂಬಿ, ಇನ್ನೂ ಸ್ವಲ್ಪ ಹೆಚ್ಚಾದರೆ ಐಲ್ಡನ್ ಸರೋವರ.

ಕಾಡ್ ಹೊಡೆಯುವ ಬಗೆ ಬೇರೆ. ಕತ್ತಲಲ್ಲಿ, ನಿಧಾನವಾಗಿ ಪಟಪಟ ಎನ್ನುತ್ತಾ ಬರುವ ದೊಡ್ಡ ಲ್ಯೂರಿನ ಹಿಂದೆಯೇ ಅದು ದಡದವರೆಗೂ ಬರುತ್ತದೆ. ನಿಮ್ಮ ಕಾಲಬುಡದಲ್ಲೇ ಹೊಡೆಯುತ್ತದೆ. ಆದ್ದರಿಂದ ಲ್ಯೂರನ್ನು ಕೊನೆಯ ಗಜದವರೆಗೂ ಒಂದೇ ವೇಗದಲ್ಲಿ ತನ್ನಿ, ಮೇಲೆತ್ತುವ ಮುಂಚೆ ಐದು ಎಣಿಸಿ. ಹೊಡೆತ ತಪ್ಪಿದರೆ ನಿಲ್ಲಿಸಬೇಡಿ. ಮೂರು ಸಲ ಗುದ್ದಿ ನಾಲ್ಕನೆಯ ಸಲ ಕಚ್ಚುವ ಮೀನು ಅದು. ಕಣ್ಣಿಗೆ ಏನೂ ಕಾಣದ ಕತ್ತಲಾದ್ದರಿಂದ ಹತ್ತನೇ ಸೂತ್ರ ಇಲ್ಲಿ ತಾನಾಗಿಯೇ ನಡೆಯುತ್ತದೆ. ಭಾವನ ಶಾಲೆಯಲ್ಲಿ ಕಣ್ಣು ಮುಚ್ಚಿ ಪಾಸಾದವರಿಗೆ ಮೆಲ್ಬರ್ನಿನ ರಾತ್ರಿ ಹೊಸದೆನಿಸುವುದಿಲ್ಲ.

13. ಮೊಟ್ಟೆ ಇಡುವ ಮೀನನ್ನು ಬಿಟ್ಟುಬಿಡಿ, ಕಾಗದಪತ್ರ ಸರಿ ಇರಲಿ.

ಮಲೆನಾಡಿನವರಿಗೆ ಹತ್ತುಮೀನು ಗೊತ್ತು. ಮೊದಲ ಮಳೆಗೆ ಹಳ್ಳ ಹತ್ತಿ ಗದ್ದೆಗೆ ಬರುವ ಮೊಟ್ಟೆ ತುಂಬಿದ ಮೀನನ್ನು ಕತ್ತಿ, ಕೂಣಿ ಹಿಡಿದು ಕಾಯುತ್ತಿದ್ದ ಊರು ನಮ್ಮದು. ಆ ಒಂದು ವಾರದ ಸಂಭ್ರಮಕ್ಕೆ ಹೊಳೆ ವರ್ಷವಿಡೀ ಬಡವಾಗುತ್ತದೆ ಎಂದು ತಿಳಿಯುವಷ್ಟರಲ್ಲಿ ಹಲವು ಮೀನಿನ ಹೆಸರುಗಳೇ ಮಾತಿನಿಂದ ಮರೆಯಾಗಿದ್ದವು. ಶೃಂಗೇರಿ, ಶಿಶಿಲಗಳಲ್ಲಿ ದೇವರ ಮೀನೆಂದು ಬಿಟ್ಟದ್ದರಿಂದಲೇ ಅಲ್ಲಿ ಅವು ಉಳಿದವು.

ಆಸ್ಟ್ರೇಲಿಯನ್ ಬಾಸ್‌ನ ಪಯಣ ಹತ್ತುಮೀನಿನದಕ್ಕೆ ತಿರುವುಮುರುವು. ಚಳಿಗಾಲದಲ್ಲಿ ಅದು ಸಿಹಿನೀರು ಬಿಟ್ಟು ಕೆಳಗೆ, ಉಪ್ಪುನೀರು ಬೆರೆಯುವ ಅಳಿವೆಗೆ ಮೊಟ್ಟೆಯಿಡಲು ಇಳಿಯುತ್ತದೆ. ಅದಕ್ಕೇ ನ್ಯೂ ಸೌತ್ ವೇಲ್ಸ್‌ನ ನದಿ, ಅಳಿವೆಗಳಲ್ಲಿ ಮೇ 1ರಿಂದ ಆಗಸ್ಟ್ 31ರವರೆಗೆ ಬಾಸ್ ಒಂದನ್ನೂ ಇಟ್ಟುಕೊಳ್ಳುವಂತಿಲ್ಲ. ಉಳಿದ ಕಾಲದಲ್ಲಿ ದಿನಕ್ಕೆ ಎರಡು, ನದಿಯಲ್ಲಾದರೆ ಅದರಲ್ಲಿ 35 ಸೆಂಟಿಮೀಟರ್ ಮೀರಿದ್ದು ಒಂದೇ. ನದಿಯ ಮೇಲ್ಭಾಗಕ್ಕೆ ದೂರ ಈಜಿ ಬರುವವು ಹೆಚ್ಚಾಗಿ ಹೆಣ್ಣು, ದೊಡ್ಡದಾಗಿ ಬೆಳೆಯುವುದೂ ಹೆಣ್ಣೇ. ನಿಧಾನ ಬೆಳೆಯುವ ಮೀನು, ಇಪ್ಪತ್ತು ವರ್ಷ ದಾಟಿ ಬದುಕಬಲ್ಲದು. ಯಾರಮಂಡಿಯಲ್ಲಿ ನನ್ನಿಂದ ತಪ್ಪಿಸಿಕೊಂಡದ್ದು ನಮ್ಮ ಮಗನಿಗಿಂತ ಹಿರಿಯಳಾದ ಒಬ್ಬ ತಾಯಿ ಇದ್ದಿರಬಹುದು. ನಾವು ದೊಡ್ಡ ಬಾಸ್ ಅನ್ನು ಮನೆಗೆ ತರುವುದಿಲ್ಲ. ಶೋಲ್‌ಹೇವನ್ ನದಿಯ ಟಲ್ಲೋವಾ ಅಣೆಕಟ್ಟಿನಲ್ಲಿ ಮೀನು ದಾಟಿಸಲು 2009ರಲ್ಲಿ ಲಿಫ್ಟನ್ನೇ ಕಟ್ಟಿದ್ದಾರೆ. ಸರ್ಕಾರ ಲಿಫ್ಟಿನಲ್ಲಿ ಹತ್ತಿಸುವ ಮೀನನ್ನು ನಾವು ಬಾಣಲೆಗೆ ಇಳಿಸುವುದು ಸರಿಯಲ್ಲ.

ಮರ್ರೆ ಕಾಡ್‌ಗೆ ಸೆಪ್ಟೆಂಬರ್ 1ರಿಂದ ನವೆಂಬರ್ 30ರವರೆಗೆ ಬಿಡುವು. ವಿಕ್ಟೋರಿಯಾದಲ್ಲಿ ಐಲ್ಡನ್ ಸರೋವರಕ್ಕೆ ವಿನಾಯಿತಿ. ಇಟ್ಟುಕೊಳ್ಳಬಹುದಾದ ಗಾತ್ರ 55ರಿಂದ 75 ಸೆಂಟಿಮೀಟರ್ ನಡುವಿನದು ಮಾತ್ರ. ದೊಡ್ಡದನ್ನು ಬಿಡಲೇಬೇಕು. ಎರಡೂ ರಾಜ್ಯಗಳಲ್ಲಿ 18 ತುಂಬಿದವರು ಮೀನು ಹಿಡಿಯಲು ಶುಲ್ಕ ಕಟ್ಟಬೇಕು, ವಿನಾಯಿತಿಗಳು ರಾಜ್ಯಕ್ಕೊಂದು ಬಗೆ. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ದಿನ ಇಲಾಖೆಯ ಆ್ಯಪ್ ತೆರೆದು ನೋಡಿ. ಊರಿಂದ ಬಂದ ಅಪ್ಪ, ಮಾವ ಜೊತೆಗಿದ್ದು ಅವರ ಕೈಗೂ ರಾಡು ಕೊಡುವಿರಾದರೆ ಅವರ ಹೆಸರಿನಲ್ಲೂ ಕಟ್ಟಿ.

14. ಕೊನೆಯ ಎರಡು ಗಜ, ಮತ್ತು ಆಮೇಲೆ.

ದಡ ಕಂಡ ಮೀನು ಇನ್ನೊಮ್ಮೆ ಓಡುತ್ತದೆ. ದಾರವನ್ನು ಪೂರ್ತಿ ಸುತ್ತಿಬಿಡಬೇಡಿ, ರಾಡಿನಷ್ಟು ಉದ್ದ ಹೊರಗಿರಲಿ. ಡ್ರ್ಯಾಗನ್ನು ಒಂದು ಚಿಟಿಕೆ ಸಡಿಲಿಸಿ. ಬಲೆಯನ್ನು ನೀರೊಳಗೆ ಅಲ್ಲಾಡದಂತೆ ಇಟ್ಟು, ಮೀನಿನ ತಲೆಯನ್ನು ಅದರ ಮೇಲಕ್ಕೆ ತನ್ನಿ. ಬಲೆ ಹಿಡಿದು ಮೀನಿನ ಹಿಂದೆ ಓಡಿದವರ ಕೈಯಿಂದಲೇ ಹೆಚ್ಚು ಮೀನು ಹೋಗುತ್ತದೆ. ಜೊತೆಗಾರರಿಗೆ ಇದನ್ನು ಮೊದಲೇ ಹೇಳಿರಿ, ಮೀನು ಬಂದ ಮೇಲೆ ಕೂಗಬೇಡಿ. ಗಂಟಿಲ್ಲದ ರಬ್ಬರ್ ಬಲೆಯಾದರೆ ಮೀನಿನ ಮೈಯ ಲೋಳೆ ಉಳಿಯುತ್ತದೆ.

ಕೈ ಒದ್ದೆ ಮಾಡಿಕೊಳ್ಳಿ. ಬಾಸ್‌ನ ಕಿವಿರಿನ ಮುಚ್ಚಳದಂಚು ಈಳಿಗೆಮಣೆಯಷ್ಟು ಹರಿತ, ಅಲ್ಲಿಗೆ ಬೆರಳು ಹೋಗದಿರಲಿ. ದವಡೆ ಹಿಡಿದು ನೇತಾಡಿಸಬೇಡಿ, ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ. ಅಳತೆಯ ಚಾಪೆಯನ್ನೂ ಒದ್ದೆ ಮಾಡಿಯೇ ಹಾಸಿ. ಮೀನು ನೀರಿನಿಂದ ಹೊರಬಂದ ಕ್ಷಣ ನೀವೂ ಉಸಿರು ಬಿಗಿಹಿಡಿಯಿರಿ. ನಿಮಗೆ ಉಸಿರು ಬೇಕೆನಿಸಿದಾಗ ಅದಕ್ಕೂ ಬೇಕು. ಫೋಟೋ ಅಷ್ಟರೊಳಗೆ ಆದರೆ ಆಯಿತು.

ಬಿಡುವಾಗ ಎಸೆಯಬೇಡಿ. ಮೊಣಕಾಲವರೆಗೆ ನೀರಿಗಿಳಿದು, ಮೀನನ್ನು ಹರಿವಿಗೆ ಎದುರಾಗಿ, ಎರಡೂ ಅಂಗೈಯ ಮೇಲೆ ನಿಲ್ಲಿಸಿಕೊಳ್ಳಿ. ಕಿವಿರು ತೆರೆದು ಮುಚ್ಚುವುದು ಕಾಣುತ್ತದೆ. ಮೊದಲು ಅದು ಪಕ್ಕಕ್ಕೆ ವಾಲುತ್ತದೆ, ಆಮೇಲೆ ನೆಟ್ಟಗಾಗುತ್ತದೆ. ಆಗಲೂ ಕೈ ತೆಗೆಯಬೇಡಿ. ಬಾಲ ಒಮ್ಮೆ ಬಲವಾಗಿ ನಿಮ್ಮ ಮಣಿಕಟ್ಟನ್ನು ತಳ್ಳುತ್ತದೆ, ಅಂಗೈಯ ಭಾರ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಕಾಯಿರಿ.